ಬೆರಳಿನ ಹುರಿ ಎಷ್ಟು ಸರಿಯಿತು? ಸ್ಕ್ಯಾನಿಂಗ್ ಯಂತ್ರಕ್ಕೆ ನಾವು ಕೇಳದ ಪ್ರಶ್ನೆ

ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಕೈಯೊಳಗೆ ಏನು ಕೆಟ್ಟರೂ ಅದಕ್ಕೆ ಒಂದೇ ಹೆಸರು: ನರ. ರಕ್ತ ಹರಿಯುವುದೂ ನರ, ಜೋಮು ಹಿಡಿಸುವುದೂ ನರ, ಬೆರಳು ಮಡಚುವುದೂ ನರ. ‘ನರ ಕಟ್ಟಾಗಿದೆ’, ‘ನರ ಹಿಡ್ಕೊಂಡಿದೆ’, ‘ನರ ಉಬ್ಬಿದೆ’ ಅಂತೇವೆ. ಮೂರರಲ್ಲಿ ಯಾವ ನರ ಅಂತ ಹೇಳುವವರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೇಳುವವರೂ ಇಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ, ಮೆಟ್ಟುಗತ್ತಿ ನನ್ನ ಉಂಗುರದ ಬೆರಳಿನ ಬುಡ ಸೀಳುವ ತನಕ.

ಅಡಿಕೆ ಸುಲಿಯುವ ದಿನಗಳು. ರಾತ್ರಿ ಹತ್ತು ಕಳೆದಿತ್ತು, ಕಣ್ಣು ಎಳೆಯುತ್ತಿತ್ತು, ಕಾಯಿ ಜಾರಿತು. ಒಂದು ಕ್ಲಿನಿಕ್ಕಿನಲ್ಲಿ ನಾಲ್ಕು ಹೊಲಿಗೆ ಹಾಕಿ ‘ನರಕ್ಕೇನೂ ಆಗಿಲ್ಲ’ ಅಂದರು. ಬೆರಳಿಗೆ ಸ್ಪರ್ಶ ಇತ್ತು, ಬಣ್ಣವೂ ಸರಿಯಾಗಿತ್ತು. ಅಂದರೆ ಎರಡು ಬಗೆಯ ನರದ ಮಟ್ಟಿಗೆ ಅವರ ಮಾತು ನಿಜ. ಮೂರನೆಯದನ್ನು ಯಾರೂ ನೋಡಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ನೋಡಿದರೆ ತುದಿಯ ಗೆಣ್ಣು ಮಡಚುತ್ತಲೇ ಇಲ್ಲ.

ಆ ಮೂರನೆಯದೇ ಟೆಂಡನ್. ಪಠ್ಯಪುಸ್ತಕದಲ್ಲಿ ಸ್ನಾಯುರಜ್ಜು. ನಾನು ಹುರಿ ಅನ್ನುತ್ತೇನೆ, ನೋಡಲಿಕ್ಕೆ ಅದು ಹೊಸೆದ ಹುರಿಯ ಹಾಗೇ ಇದೆ. ಬಿಳಿ, ಹೊಳಪು, ಎಳೆ ಎಳೆ.

ಬೆರಳಿನೊಳಗೆ ಬೆರಳು ಮಡಚುವ ಸ್ನಾಯುವೇ ಇಲ್ಲ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಲವೆಲ್ಲ ಇರುವುದು ಮೊಣಕೈ ಮತ್ತು ಮಣಿಕಟ್ಟಿನ ನಡುವೆ. ಎಡಗೈಯಲ್ಲಿ ಬಲ ಮುಂಗೈ ಹಿಡಿದು ಬಲಗೈ ಬೆರಳು ಆಡಿಸಿ ನೋಡಿ, ಒಳಗೆ ಏನೋ ಹೊರಳುವುದು ತಿಳಿಯುತ್ತದೆ. ಅಲ್ಲಿ ಎಳೆದರೆ ಇಲ್ಲಿ ಮಡಚುತ್ತದೆ. ನಡುವೆ ಇರುವುದು ಹುರಿ. ಹೆಬ್ಬೆರಳಿಗೆ ಒಂದು, ಉಳಿದ ನಾಲ್ಕು ಬೆರಳಿಗೆ ಎರಡೆರಡು, ಒಟ್ಟು 9. ಎರಡರಲ್ಲಿ ಮೇಲಿನದು ನಡುಗೆಣ್ಣಿನ ತನಕ ಹೋಗಿ ನಿಲ್ಲುತ್ತದೆ, ಅಡಿಯದು ಬೆರಳ ತುದಿಯ ಮೂಳೆ ತಲುಪುತ್ತದೆ. ನನಗೆ ಕಡಿದದ್ದು ಅಡಿಯದು. ನಡುಗೆಣ್ಣು ಮಡಚುತ್ತಿತ್ತಲ್ಲ, ಅದಕ್ಕೇ ಮೊದಲ ದಿನ ಯಾರಿಗೂ ಅನುಮಾನ ಬರಲಿಲ್ಲ. ಕತ್ತಿ ತಾಗಿದವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬೆರಳಿನ ನಡುಭಾಗವನ್ನು ಇನ್ನೊಂದು ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ತುದಿ ಮಾತ್ರ ಮಡಚಲು ನೋಡಿ. ಮಡಚದಿದ್ದರೆ ಬರೀ ಚರ್ಮಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬರಬೇಡಿ.

ಹುರಿ ಇದ್ದರೆ ಸಾಲದು, ಅದು ಜಾರಬೇಕು. ಮಣಿಕಟ್ಟು ಅಲುಗಿಸದೆ ಬಿಚ್ಚಿದ ಕೈಯನ್ನು ಪೂರ್ತಿ ಮುಷ್ಟಿ ಮಾಡಿದರೆ ಅಡಿಯ ಹುರಿ ಸುಮಾರು 3 ಸೆಂಟಿಮೀಟರ್ ಸರಿಯುತ್ತದೆ. ಬೆರಳಿನ ಉದ್ದಕ್ಕೂ ಅದನ್ನು ಮೂಳೆಗೆ ಒತ್ತಿ ಹಿಡಿಯುವ ಐದು ಗಟ್ಟಿ ಬಳೆಗಳಿವೆ. ಬಾವಿಯ ರಾಟೆ ನೆನಪಿಸಿಕೊಳ್ಳಿ. ಹಗ್ಗ ಹೊಸದೇ ಇರಬಹುದು, ತೋಳಲ್ಲಿ ಬಲವೂ ಇರಬಹುದು. ರಾಟೆಯಲ್ಲಿ ಸಿಕ್ಕಿಕೊಂಡರೆ ಕೊಡ ಅಲ್ಲೇ ನೇತಾಡುತ್ತದೆ. ಬೆಳಿಗ್ಗೆ ಬೆರಳು ಮಡಚಿಕೊಂಡು, ಬಿಡಿಸಿದರೆ ‘ಟಕ್’ ಅನ್ನುತ್ತದಲ್ಲ, ಟ್ರಿಗರ್ ಫಿಂಗರ್ ಅನ್ನುವ ಆ ತೊಂದರೆ ಮೊದಲನೆಯ ಬಳೆಯ ಬಾಯಲ್ಲಿ ಹುರಿ ಸಿಕ್ಕುವುದರಿಂದ ಬರುತ್ತದೆ.

ಈಗ ಹೊಲಿದ ಹುರಿಯ ಕಥೆಗೆ ಬರೋಣ. ಅಂಗೈಯ ಬೆರಳ ಕಡೆಯ ಗೆರೆಯಿಂದ ಬೆರಳಿನ ನಡುಭಾಗದವರೆಗೆ ಎರಡೂ ಹುರಿಗಳು ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಓಡುತ್ತವೆ. ಅಲ್ಲಿ ಹೊಲಿದರೆ ಗಾಯ ಮಾಯುವಾಗ ಸುತ್ತಲಿನದಕ್ಕೆಲ್ಲ ಅಂಟಿಕೊಂಡು ಬಿಡುತ್ತದೆ. ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನೆಲ್ ಆ ಜಾಗವನ್ನು ‘ನೋ ಮ್ಯಾನ್ಸ್ ಲ್ಯಾಂಡ್’ ಅಂತಲೇ ಕರೆದಿದ್ದರು. ಅಲ್ಲಿ ನೇರ ಹೊಲಿಗೆಗೆ ಕೈ ಹಾಕಬೇಡಿ ಅನ್ನುವುದು ಬಹಳ ಕಾಲ ನಡೆದ ಪದ್ಧತಿ. 1960ರ ದಶಕದಲ್ಲಿ ಅದು ಬದಲಾಯಿತು. ಹೊಲಿದು, ಬೆರಳನ್ನು ಕಟ್ಟಿ ಕೂರಿಸದೆ ಕೆಲವೇ ದಿನದಲ್ಲಿ ಮೆಲ್ಲಗೆ ಆಡಿಸಲು ಶುರು ಮಾಡಿದರು. ಎಷ್ಟು ಆಡಿಸಬೇಕು? 1975ರಲ್ಲಿ ಡುರಾನ್ ಮತ್ತು ಹೌಸರ್ ಅನ್ನುವ ವೈದ್ಯರು ಒಂದು ಲೆಕ್ಕ ಕೊಟ್ಟರು. ಹೊಲಿದ ಹುರಿ 3ರಿಂದ 5 ಮಿಲಿಮೀಟರ್ ಸರಿದರೆ ಗಟ್ಟಿಯಾಗಿ ಅಂಟದಂತೆ ತಡೆಯಲು ಸಾಕು. ಇವತ್ತಿಗೂ ಫಿಸಿಯೊಥೆರಪಿ ಕೋಣೆಗಳಲ್ಲಿ ನಡೆಯುವ ವ್ಯಾಯಾಮಗಳ ಹಿಂದೆ ಈ ಲೆಕ್ಕದ ನೆರಳಿದೆ.

ಸರಿ, 3 ಮಿಲಿಮೀಟರ್ ಸರಿಯಿತು ಅಂತ ಗೊತ್ತಾಗುವುದು ಹೇಗೆ?

ಇಲ್ಲಿಯವರೆಗೆ ಮಾಡುತ್ತಾ ಬಂದಿರುವುದು ಗೆಣ್ಣು ಎಷ್ಟು ಡಿಗ್ರಿ ಮಡಚಿತು ಅಂತ ಕೋನಮಾಪಕ ಹಿಡಿದು ನೋಡುವುದು. ಕೋನದಿಂದ ಹುರಿಯ ಓಟ ಊಹಿಸುವುದು. ಆದರೆ ಇನ್ನೊಂದು ಕೈಯಿಂದ ಬೆರಳನ್ನು ಒತ್ತಿ ಮಡಚಿದಾಗ ಗೆಣ್ಣು ಮಡಚುತ್ತದೆ, ಹುರಿ ಮಾತ್ರ ಸರಿಯದೆ ಒಳಗೇ ಮುದುಡಿಕೊಳ್ಳಬಹುದು. ಸಡಿಲ ಹಗ್ಗವನ್ನು ಹಿಂದಿನಿಂದ ತಳ್ಳಿದರೆ ಮುಂದೆ ಹೋಗುತ್ತದೆಯೇ? ಡೊಂಕಾಗಿ ಬೀಳುತ್ತದೆ, ಅಷ್ಟೇ. ಜಾಸ್ತಿ ಎಳೆದರೆ ಹೊಲಿಗೆ ಹರಿಯುತ್ತದೆ, ಕಮ್ಮಿ ಎಳೆದರೆ ಅಂಟುತ್ತದೆ. ಈ ಎರಡರ ನಡುವಿನ ಕಿರಿದಾದ ದಾರಿಯಲ್ಲಿ ಆರು ವಾರ ಕಣ್ಣು ಕಟ್ಟಿಕೊಂಡು ನಡೆಯಬೇಕು.

ಈ ಕಣ್ಣುಪಟ್ಟಿಯನ್ನು ಸ್ವಲ್ಪ ಹೊತ್ತಿಗೆ ಬಿಚ್ಚುವ ಒಂದು ಉಪಾಯವನ್ನು ಕೆನಡಾದ ಶಸ್ತ್ರವೈದ್ಯ ಡೊನಾಲ್ಡ್ ಲಲೊಂಡ್ ಬಳಕೆಗೆ ತಂದರು. ಪೂರ್ತಿ ಅರಿವಳಿಕೆ ಕೊಡುವುದಿಲ್ಲ, ಕೈ ಮಾತ್ರ ಮರಗಟ್ಟಿಸುತ್ತಾರೆ. ರೋಗಿ ಎಚ್ಚರವಾಗಿರುತ್ತಾನೆ. ಹುರಿ ಹೊಲಿದ ಕೂಡಲೇ ‘ಬೆರಳು ಮಡಚಿ’ ಅಂತಾರೆ, ಹೊಲಿಗೆ ಬಳೆಯೊಳಗೆ ತೂರುತ್ತದೋ ಸಿಕ್ಕುತ್ತದೋ ಕಣ್ಣೆದುರೇ ಕಾಣುತ್ತದೆ. ಒಳ್ಳೆಯದೇ. ಆದರೆ ಚರ್ಮ ಮುಚ್ಚಿದ ಮೇಲೆ ಮತ್ತೆ ಕತ್ತಲೆ. ಎಂಆರ್‌ಐ ದುಬಾರಿ, ಅದರಲ್ಲಿ ಅಲುಗಾಡದೆ ಮಲಗಬೇಕು. ಎಕ್ಸ್‌ರೇಯಲ್ಲಿ ಹುರಿ ಕಾಣುವುದೇ ಇಲ್ಲ. ಬೆರಳು ಆಡುತ್ತಿರುವಾಗಲೇ, ವಿಕಿರಣದ ಭಯವಿಲ್ಲದೆ, ಕಡಿಮೆ ಖರ್ಚಿನಲ್ಲಿ ಒಳಗೆ ನೋಡಬಲ್ಲದ್ದು ಅಲ್ಟ್ರಾಸೌಂಡ್.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ‘ಕೈಗೆ ಅಲ್ಟ್ರಾಸೌಂಡ್ ಕೊಟ್ಟರು’ ಅಂತ ಎಷ್ಟೋ ಜನ ಹೇಳುತ್ತಾರೆ. ಅದು ಫಿಸಿಯೊಥೆರಪಿಯವರು ನೋವಿನ ಜಾಗಕ್ಕೆ ಉಜ್ಜುವ ಬೇರೆ ಯಂತ್ರ, ಸಾಮಾನ್ಯವಾಗಿ 1 ಅಥವಾ 3 ಮೆಗಾಹರ್ಟ್ಸಿನದು, ಅಂದರೆ ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ಕಂಪಿಸುವ ಶಬ್ದದ್ದು. ಅದರಲ್ಲಿ ಚಿತ್ರ ಬರುವುದಿಲ್ಲ. ನಾನು ಹೇಳುತ್ತಿರುವುದು ಸ್ಕ್ಯಾನಿಂಗ್, ಕಿವಿಗೆ ಕೇಳದ ಶಬ್ದದ ಅಲೆಯನ್ನು ಒಳಗೆ ಕಳಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಮಾಡುವುದು.

ಮೈಗೆ ತಾಗಿಸಿ ಹಿಡಿಯುವ ಯಂತ್ರದ ಮೂತಿಗೆ ಪ್ರೋಬ್ ಅಂತಾರೆ. ಹೊಟ್ಟೆಗೆ ಬಳಸುವ ಗುಂಡನೆಯ ಪ್ರೋಬ್ 2ರಿಂದ 5 ಮೆಗಾಹರ್ಟ್ಸಿನದು. ಆಳಕ್ಕೆ ಹೋಗುತ್ತದೆ, ನವಿರಾದದ್ದು ಕಾಣುವುದಿಲ್ಲ. ಕೈಗೆ ಬೇಕಾದದ್ದು 10ಕ್ಕಿಂತ ಮೇಲಿನ, ನೇರ ಮೂತಿಯ ಪ್ರೋಬ್. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 15 ಮೆಗಾಹರ್ಟ್ಸಿನಲ್ಲಿ ಒಂದು ಅಲೆಯ ಉದ್ದ 0.1 ಮಿಲಿಮೀಟರ್ ಆಯಿತು. ಹುರಿಯ ಎಳೆಗಳ ವಿನ್ಯಾಸ ಕಾಣಲು ಅಷ್ಟು ನವಿರಾದ ಅಲೆ ಬೇಕು. ಆಳ ಸಿಗುವುದಿಲ್ಲ, ಆದರೆ ಕೈಯಲ್ಲಿ ಆಳ ಯಾರಿಗೆ ಬೇಕು? ಥೈರಾಯ್ಡ್ ನೋಡುವ ಪ್ರೋಬಿನಲ್ಲೇ ಈ ಕೆಲಸ ಬಹುಮಟ್ಟಿಗೆ ಆಗುತ್ತದೆ.

ಪರದೆಯ ಮೇಲೆ ಹುರಿ ಬೆಳ್ಳಗೆ, ಗೆರೆಗೆರೆಯಾಗಿ ಕಾಣುತ್ತದೆ. ಬೆರಳು ಮಡಚಿದರೆ ಅದು ಸರ್ರನೆ ಓಡುತ್ತದೆ. ನೋಡುವುದು ಇಷ್ಟು ಸುಲಭ. ಅಳೆಯುವುದು ಕಷ್ಟ. ಈ ಎರಡರ ವ್ಯತ್ಯಾಸದಲ್ಲೇ ಕಳೆದ ಕೆಲವು ದಶಕಗಳ ಸಂಶೋಧನೆ ಇರುವುದು.

ಮೊದಲ ತೊಡಕು, ಹುರಿಯ ಮೇಲೆ ಗುರುತಿಲ್ಲ. ಪ್ರೋಬಿನ ಅಗಲ ನಾಲ್ಕೈದು ಸೆಂಟಿಮೀಟರ್. ಆ ಕಿಟಕಿಯಲ್ಲಿ ಒಂದೇ ಥರ ಕಾಣುವ ಹಗ್ಗ ಹಾದುಹೋಗುತ್ತಿದೆ. ಎಷ್ಟು ಹಾದುಹೋಯಿತು? ರಕ್ತದ ಓಟ ಅಳೆಯುವ ಡಾಪ್ಲರ್ ಇದೆಯಲ್ಲ ಅಂತ ಕೇಳಬಹುದು. ಡಾಪ್ಲರ್‌ಗೆ ವಸ್ತು ತನ್ನ ಕಡೆ ಬರಬೇಕು ಅಥವಾ ತನ್ನಿಂದ ದೂರ ಹೋಗಬೇಕು. ಹುರಿ ಓಡುವುದು ಪ್ರೋಬಿಗೆ ಅಡ್ಡಡ್ಡ. ನೀವು ರಸ್ತೆ ಬದಿ ನಿಂತಿದ್ದೀರಿ, ಬಸ್ಸು ಹಾರ್ನ್ ಹಾಕುತ್ತಾ ಬರುತ್ತದೆ. ಬರುವಾಗ ಒಂದು ಸ್ವರ, ದಾಟಿ ಹೋದ ಮೇಲೆ ಇನ್ನೊಂದು. ಸರಿಯಾಗಿ ಎದುರಿಗಿದ್ದ ಆ ಕ್ಷಣದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹುರಿಯನ್ನು ಡಾಪ್ಲರ್ ನೋಡುವುದು ಯಾವಾಗಲೂ ಆ ಕ್ಷಣದಲ್ಲೇ. ಕಿರಣವನ್ನು ಓರೆ ಮಾಡಿ ಅಳೆದವರಿದ್ದಾರೆ, ಆದರೆ ಕೋನ ಸ್ವಲ್ಪ ತಪ್ಪಿದರೂ ಲೆಕ್ಕ ತಪ್ಪುತ್ತದೆ.

ಹಾಗಾಗಿ ಹೆಚ್ಚಿನವರು ಹಿಡಿದ ದಾರಿ ಸ್ಪೆಕಲ್ ಟ್ರ್ಯಾಕಿಂಗ್. ಅಲ್ಟ್ರಾಸೌಂಡ್ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳಿರುತ್ತವಲ್ಲ, ಅದೇ ಸ್ಪೆಕಲ್. ಒಂದೊಂದು ಚುಕ್ಕೆಯೂ ಒಂದೊಂದು ಕಣ ಅಂದುಕೊಳ್ಳಬೇಡಿ. ಸಣ್ಣ ಸಣ್ಣ ಪ್ರತಿಧ್ವನಿಗಳು ಒಂದಕ್ಕೊಂದು ಕೂಡಿ ಕಳೆದು ಆದ ರಂಗೋಲಿ ಅದು. ಆದರೆ ಹುರಿ ಸರಿದರೆ ಆ ರಂಗೋಲಿಯೂ ಜೊತೆಗೇ ಸರಿಯುತ್ತದೆ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯ ಜನವನ್ನು ಮಾಳಿಗೆ ಮೇಲಿನಿಂದ ನೋಡಿದ್ದೀರಾ? ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಆದರೆ ಕೆಂಪು ಸೀರೆ, ಪಕ್ಕದಲ್ಲಿ ಎರಡು ಬಿಳಿ ಅಂಗಿ, ಹಿಂದೆ ಹಳದಿ ಟೊಪ್ಪಿ, ಹೀಗೊಂದು ಗುಂಪು ಗುರುತಿಟ್ಟುಕೊಂಡರೆ ಅದು ಎಷ್ಟು ಮುಂದೆ ಹೋಯಿತು ಅಂತ ಹೇಳಬಹುದು. ಕಂಪ್ಯೂಟರ್ ಮಾಡುವುದೂ ಅದನ್ನೇ. ಒಂದು ಚೌಕ ಆರಿಸಿ, ಮುಂದಿನ ಚಿತ್ರದಲ್ಲಿ ಅದಕ್ಕೆ ಹೆಚ್ಚು ಹೋಲುವ ಚೌಕ ಎಲ್ಲಿದೆ ಅಂತ ಹುಡುಕುತ್ತದೆ. ಸರಿದ ದೂರಗಳನ್ನು ಕೂಡುತ್ತಾ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಸೆಕೆಂಡಿನಲ್ಲಿ ಮುಷ್ಟಿ ಕಟ್ಟಿದರೆ 3 ಸೆಂಟಿಮೀಟರ್. ಯಂತ್ರ ಸೆಕೆಂಡಿಗೆ 50 ಚಿತ್ರ ತೆಗೆದರೆ ಚಿತ್ರದಿಂದ ಚಿತ್ರಕ್ಕೆ 0.6 ಮಿಲಿಮೀಟರ್ ಓಟ. 20 ಚಿತ್ರ ಮಾತ್ರ ತೆಗೆದರೆ 1.5 ಮಿಲಿಮೀಟರ್. ಅಷ್ಟರೊಳಗೆ ಗುಂಪು ಚದುರಿರುತ್ತದೆ, ಕೆಂಪು ಸೀರೆ ಬೇರೆಯವರ ಹಿಂದೆ ಮರೆಯಾಗಿರುತ್ತದೆ. ಅದಕ್ಕೇ ‘ನಿಧಾನಕ್ಕೆ ಮಡಚಿ’ ಅನ್ನುವುದು. ಪ್ರತಿ ಚಿತ್ರದಲ್ಲೂ ಒಂದೇ ಕಡೆಗೆ 0.01 ಮಿಲಿಮೀಟರ್ ತಪ್ಪಿದರೂ 50 ಚಿತ್ರಕ್ಕೆ ಅರ್ಧ ಮಿಲಿಮೀಟರ್ ಆಗುತ್ತದೆ. ಅದನ್ನು ಬೇಕಾದರೆ ಸಹಿಸಬಹುದು. ಸಹಿಸಲಾಗದ್ದು ಬೇರೆ ಇದೆ. ಹುರಿ ಪಕ್ಕಕ್ಕೆ ಹೊರಳಿ ಕಿಟಕಿಯಿಂದಲೇ ಆಚೆ ಹೋಗುವುದು. ಮೇಲಿನ ಹುರಿ, ಅಡಿಯ ಹುರಿ ಒಂದರ ಮೇಲೊಂದು ಕೂತಿದ್ದು ಬೇರೆ ಬೇರೆ ದೂರ ಓಡುವಾಗ ಚೌಕದಲ್ಲಿ ಎರಡೂ ಸೇರಿಬಿಡುವುದು. ಪ್ರೋಬನ್ನು ಗಟ್ಟಿಯಾಗಿ ಒತ್ತಿ ಹುರಿಯ ಓಟಕ್ಕೇ ತಡೆಯಾಗುವುದು. ಪ್ರೋಬ್ ಸ್ವಲ್ಪ ವಾಲಿದರೆ ಬಿಳಿ ಹುರಿ ಕಪ್ಪಾಗಿ ಕಾಣುತ್ತದೆ, ಹೊಸಬರು ಅದನ್ನೇ ‘ಹರಿದಿದೆ’ ಅಂತ ಬರೆದುಬಿಡುವ ಅಪಾಯವೂ ಇದೆ. ಇಷ್ಟೆಲ್ಲ ಇದ್ದರೂ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್‌ನ ಎರಾಸ್ಮಸ್ ವೈದ್ಯಕೀಯ ಕೇಂದ್ರ, ಅಮೆರಿಕದ ಮೇಯೊ ಕ್ಲಿನಿಕ್‌ನಂಥ ಕಡೆ ದಾನವಾಗಿ ಬಂದ ದೇಹಗಳ ಕೈಯಲ್ಲಿ ಹುರಿಯನ್ನು ಅಳೆದು ಎಳೆದು, ಯಂತ್ರದ ಉತ್ತರದ ಜೊತೆ ಹೋಲಿಸಿ ವಿಧಾನವನ್ನು ತಿದ್ದುತ್ತಾ ಬಂದಿದ್ದಾರೆ.

ಮೇಯೊದವರ ಆಸಕ್ತಿ ಮುಖ್ಯವಾಗಿ ಮಣಿಕಟ್ಟಿನ ಮೇಲೆ. ಅದು ನಮ್ಮ ಹೆಂಗಸರಿಗೆ ಚೆನ್ನಾಗಿ ಪರಿಚಯವಿರುವ ಜಾಗ. ನಡುರಾತ್ರಿ ಎಚ್ಚರವಾಗಿ, ಜೋಮು ಹಿಡಿದ ಕೈಯನ್ನು ನೀರು ಕೊಡವಿದಂತೆ ಕೊಡವುತ್ತಾರಲ್ಲ, ಬಹಳ ಸಲ ಅದು ಕಾರ್ಪಲ್ ಟನೆಲ್. ಆ ಒಂಬತ್ತೂ ಹುರಿಗಳು ಮತ್ತು ಒಂದು ನರ, ನಿಜವಾದ ನರ, ಒಂದೇ ಕಿರಿದಾದ ಸುರಂಗದಲ್ಲಿ ಹಾದುಹೋಗುತ್ತವೆ. ಹುರಿಗಳ ನಡುವೆ ತೆಳು ಪದರಗಳ ಒಂದು ಜಾಲ ಇದೆ. ಹುರಿ ಸರಿದಾಗ ಪದರಗಳು ಒಂದಾದ ಮೇಲೊಂದು ಹಿಂಬಾಲಿಸುತ್ತವೆ. ಈ ರೋಗದಲ್ಲಿ ಆ ಜಾಲ ದಪ್ಪಗಾಗಿ ಗಡುಸಾಗುತ್ತದೆ, ಹುರಿಯೂ ಪದರವೂ ಸರಿಯುವ ಹೊಂದಾಣಿಕೆ ಕೆಡುತ್ತದೆ, ನರದ ಅತ್ತಿತ್ತ ಓಡಾಟವೂ ಕಡಿಮೆಯಾಗುತ್ತದೆ. ಗಟ್ಟಿಯಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸ, ಕಂಪಿಸುವ ಉಪಕರಣ, ಸಕ್ಕರೆ ಕಾಯಿಲೆ, ಥೈರಾಯ್ಡ್, ಬಸಿರು ಇವೆಲ್ಲ ಈ ರೋಗದ ಜೊತೆ ಕಾಣಿಸಿಕೊಳ್ಳುವಂಥವು. ಸುಲಿಯುವವರ ಕೈ, ಕಳೆ ಕೊಚ್ಚುವ ಮೋಟರು ಹಿಡಿದವರ ಕೈ ಅಂದರೆ ಈ ಪಟ್ಟಿಯ ಮೊದಲೆರಡು ಸಾಲು.

ಆದರೂ ಇಲ್ಲಿ ನನ್ನ ಉತ್ಸಾಹಕ್ಕೆ ನಾನೇ ಕಡಿವಾಣ ಹಾಕಬೇಕು. ಕಾರ್ಪಲ್ ಟನೆಲ್ ಇದೆಯೋ ಇಲ್ಲವೋ ಹೇಳಲು ಹುರಿಯ ಓಟ ಅಳೆಯಬೇಕಾಗಿಲ್ಲ. ನರದ ವಿದ್ಯುತ್ ಪರೀಕ್ಷೆ ಇದೆ. ಅಲ್ಟ್ರಾಸೌಂಡಿನಲ್ಲೇ ನರದ ಅಡ್ಡ ವಿಸ್ತೀರ್ಣ ನೋಡಬಹುದು, 9ರಿಂದ 12 ಚದರ ಮಿಲಿಮೀಟರಿನ ಆಸುಪಾಸು ದಾಟಿದರೆ ಅನುಮಾನ ಪಡುತ್ತಾರೆ. ಓಟದ ಅಳತೆ ಇನ್ನೂ ಸಂಶೋಧನೆಯ ಕೋಣೆಯಿಂದ ಪೂರ್ತಿ ಹೊರಗೆ ಬಂದಿಲ್ಲ. ಈ ಯಂತ್ರದ ಅಂಕಿಯನ್ನು ಆ ಯಂತ್ರದ ಅಂಕಿಯ ಪಕ್ಕ ಇಡುವ ಹಾಗಿಲ್ಲ. ನನ್ನ ಪ್ರಕಾರ ಇದರ ಬೆಲೆ ಇರುವುದು ಹೊಲಿದ ಕೈಯಲ್ಲಿ. ಅದೇ ಮನುಷ್ಯ, ಅದೇ ಬೆರಳು, ಅದೇ ಯಂತ್ರ, ಹೋದ ವಾರ ಮತ್ತು ಈ ವಾರ. ಪಕ್ಕದಲ್ಲೇ ಹೋಲಿಸಲು ಸರಿಯಿರುವ ಇನ್ನೊಂದು ಕೈ ಇದ್ದೇ ಇದೆ.

ಹಾಗಾದರೆ ಯಾಕೆ ಆಗುತ್ತಿಲ್ಲ? ಯಂತ್ರ ಇಲ್ಲವೇ? ಇದೆ. ಶಿವಮೊಗ್ಗ ಹಾಗಿರಲಿ, ತಾಲ್ಲೂಕು ಕೇಂದ್ರಗಳಲ್ಲೂ ಸ್ಕ್ಯಾನಿಂಗ್ ಸೆಂಟರ್ ಬೋರ್ಡು ಕಾಣುತ್ತದೆ. ನನ್ನನ್ನು ಕಳಿಸಿದಾಗ ನಾನು ಕೂತದ್ದು ಬಸುರಿ ಹೆಂಗಸರ ಸಾಲಿನಲ್ಲಿ. ಪಕ್ಕದ ಅಜ್ಜಿ ಒಬ್ಬರು ‘ಹೆಂಡ್ತಿ ಒಳಗಿದಾಳಾ, ಎಷ್ಟು ತಿಂಗಳು?’ ಅಂದರು. ಸ್ಕ್ಯಾನಿಂಗ್ ನನಗೇ, ಬೆರಳಿಗೆ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ನಮ್ಮಲ್ಲಿ ಸ್ಕ್ಯಾನಿಂಗ್ ಅಂದರೆ ಅದು ಬಸಿರಿನ ಮಾತು, ತಪ್ಪಿದರೆ ಕಿಡ್ನಿ ಕಲ್ಲು.

ಕಾನೂನೂ ಅದೇ ದೃಷ್ಟಿಯಲ್ಲಿ ನೋಡುತ್ತದೆ, ಅದಕ್ಕೆ ಕಾರಣ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ 1996ರಲ್ಲಿ ಜಾರಿಗೆ ಬಂತು, 2003ರಲ್ಲಿ ಬಿಗಿಯಾಯಿತು. ಭ್ರೂಣದ ಲಿಂಗ ತೋರಿಸಬಲ್ಲ ಯಂತ್ರ ಎಲ್ಲಿದ್ದರೂ ನೋಂದಣಿ ಆಗಬೇಕು, ನೀವು ಅದರಲ್ಲಿ ಬೆರಳನ್ನೇ ನೋಡಿ, ಹೃದಯವನ್ನೇ ನೋಡಿ. ಕೈಯಲ್ಲಿ ಹಿಡಿದು ಓಡಾಡುವ ಯಂತ್ರಗಳಿಗೆ 2012ರಲ್ಲಿ ಇನ್ನಷ್ಟು ಕಟ್ಟುಪಾಡು ಬಂತು. ಕೆಲವು ದೇಶಗಳಲ್ಲಿ ಫಿಸಿಯೊಥೆರಪಿಸ್ಟರೇ ಪ್ರೋಬ್ ಹಿಡಿದು ‘ನೋಡಿ, ನಿಮ್ಮ ಹುರಿ ಇಷ್ಟು ಓಡುತ್ತಿದೆ’ ಅಂತ ರೋಗಿಗೆ ತೋರಿಸುತ್ತಾರೆ. ಇಲ್ಲಿ ಅವರು ಒಂದು ಯಂತ್ರ ತಂದು ಕೋಣೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ.

ಈ ಬಿಗಿ ಸಡಿಲವಾಗಲಿ ಅಂತ ನಾನು ಹೇಳುವುದಿಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ ಬಯಲಾದದ್ದನ್ನು ಓದಿದವರು ಯಾರೂ ಹಾಗೆ ಹೇಳಲಾರರು. ಬೆರಳಿನ ಹೆಸರಲ್ಲಿ ತಂದ ಯಂತ್ರ ಬೆರಳಿಗೇ ಬಳಕೆಯಾಗುತ್ತದೆ ಅನ್ನುವ ಭರವಸೆ ಯಾರು ಕೊಡುತ್ತಾರೆ?

ಆದರೆ ಕಾನೂನು ಮುಟ್ಟದೆಯೇ ಆಗುವ ಕೆಲಸ ಇದೆ. ನೋಂದಣಿಯಾದ ಯಂತ್ರ ಈಗಾಗಲೇ ಇದೆ, ಥೈರಾಯ್ಡ್ ಪ್ರೋಬ್ ಇದೆ, ಅದನ್ನು ಬಳಸಲು ಅರ್ಹರಾದ ರೇಡಿಯಾಲಜಿಸ್ಟ್ ಇದ್ದಾರೆ. ಇಲ್ಲದಿರುವುದು ಹತ್ತು ನಿಮಿಷ, ಮತ್ತು ಕೈಯ ಮೇಲೆ ಪ್ರೋಬ್ ಇಡುವ ರೂಢಿ. ಶಿವಮೊಗ್ಗದ ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗ, ರೇಡಿಯಾಲಜಿ ಒಂದೇ ಆವರಣದಲ್ಲಿವೆ. ವಾರಕ್ಕೊಂದು ಮಧ್ಯಾಹ್ನ ಹೊಲಿದ ಕೈಗಳಿಗೆ ಅಂತ ಇಟ್ಟುಕೊಂಡು, ಫಿಸಿಯೊಥೆರಪಿಸ್ಟರು ಪಕ್ಕದಲ್ಲಿ ನಿಂತರೆ ಸಾಕು. ಸ್ಪೆಕಲ್ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಆಮೇಲೆ ಬರಲಿ. ಓಡುತ್ತಿದೆಯಾ, ಮುದುಡುತ್ತಿದೆಯಾ, ಸುತ್ತಲಿನದನ್ನೂ ಎಳೆದುಕೊಂಡು ಹೋಗುತ್ತಿದೆಯಾ, ಇಷ್ಟು ಕಣ್ಣಿಗೇ ಕಾಣುತ್ತದೆ. ಬೆರಳು ಮಡಚುವ ಹತ್ತು ಸೆಕೆಂಡಿನ ವಿಡಿಯೊ ಉಳಿಸಿಟ್ಟರೆ ಅಳೆಯುವವರು ಎಲ್ಲಿದ್ದರೂ ಆಮೇಲೆ ಅಳೆಯಬಹುದು. ಈಗ ರೋಗಿಗೆ ಸಿಗುವುದು ನಿಂತ ಚಿತ್ರ ಮತ್ತು ಎರಡು ಸಾಲಿನ ವರದಿ. ಓಡುವ ಹುರಿಯ ಬಗ್ಗೆ ಫೋಟೊ ಏನು ಹೇಳೀತು?

ನನ್ನದು ಏನಾಯಿತು ಅಂತ ಹೇಳಿಬಿಡುತ್ತೇನೆ. ಆ ಸ್ಕ್ಯಾನಿಂಗ್‌ನಲ್ಲಿ ಕಡಿದ ಹುರಿಯ ಮಣಿಕಟ್ಟಿನ ಕಡೆಯ ತುಂಡು ಅಂಗೈಗೆ ಜಾರಿ ಕೂತದ್ದು ಕಂಡಿತು. ಘಾಟಿ ಇಳಿದು ಹೋಗಿ ಹೊಲಿಸಿಕೊಂಡು ಬಂದೆ. ಇನ್ನೂ ತಡವಾಗಿದ್ದರೆ ಸ್ನಾಯು ಕುಗ್ಗಿ, ಬೇರೆ ಕಡೆಯಿಂದ ಹುರಿ ತಂದು ಕಸಿ ಮಾಡಬೇಕಾಗುತ್ತಿತ್ತು ಅಂದರು. ಆಮೇಲೆ ಆರು ವಾರ ದಿನಕ್ಕೆ ಹಲವು ಸಲ ಇನ್ನೊಂದು ಕೈಯಿಂದ ಒತ್ತಿ ಮಡಚಿದೆ. ಕೋನಮಾಪಕ ಪ್ರತಿ ವಾರ ಚೆನ್ನಾಗಿಯೇ ತೋರಿಸುತ್ತಿತ್ತು. ತಾನಾಗಿ ಮಡಚಿ ಅಂದ ದಿನ ತುದಿ ಅರ್ಧಕ್ಕೇ ನಿಂತಿತು. ಈಗಲೂ ಅಷ್ಟೇ. ಅಂಟಿಕೊಂಡಿದ್ದಾ, ಹೊಲಿಗೆ ಸ್ವಲ್ಪ ಬಿಟ್ಟು ಹುರಿ ಉದ್ದವಾಗಿದ್ದಾ? ಎರಡಕ್ಕೂ ಮದ್ದು ಬೇರೆ ಬೇರೆ. ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಿದೆ. ವರದಿಯಲ್ಲಿ ‘ಹುರಿ ಅಖಂಡವಾಗಿದೆ’ ಅಂತ ಬಂತು. ಬೆರಳು ಮಡಚಲು ಯಾರೂ ಹೇಳಿರಲಿಲ್ಲ.